ಹೆಣ್ಣುಮಕ್ಕಳಿಲ್ಲದ ವಂಶಾವಳಿ

ಕಳೆದ ವರ್ಷದ ಕ್ಯಾಲೆಂಡರಿನ ಬೆನ್ನಿನಷ್ಟು ಉದಾರವಾದ ಕಾಗದ ಇನ್ನೊಂದಿಲ್ಲ. ಸಾಮಾನಿನ ಪಟ್ಟಿಯಾಗಲಿ, ಮಕ್ಕಳು ಬಿಡಿಸಿದ ಆನೆಯಾಗಲಿ, ಎಲ್ಲವನ್ನೂ ಅದು ನುಣುಪಾಗಿ ಬರಮಾಡಿಕೊಳ್ಳುತ್ತದೆ. ಹೋದ ತಿಂಗಳು ಕಿರಂಗೂರಿನ ನಮ್ಮ ಮನೆಯಲ್ಲಿ, ಎಪ್ಪತ್ತಮೂರರ ಈ ವಯಸ್ಸಿನಲ್ಲಿ, ಅಂಥದ್ದೊಂದು ಹಾಳೆಯ ಮೇಲೆ ಪೆನ್ಸಿಲ್ ಹಿಡಿದು ದುಂಡು ದುಂಡಾಗಿ ಸೊನ್ನೆಗಳನ್ನು ಬರೆಯುತ್ತ ಕೂತೆ. ಒಂದೊಂದು ಸೊನ್ನೆಯೂ ನಮ್ಮ ವಂಶದ ಒಬ್ಬೊಬ್ಬ ಹೆಣ್ಣು.

ಕಾರಣ ನನ್ನ ತಮ್ಮನ ಮಗಳು ರಶ್ಮಿ. ಪಾಂಡವಪುರದಲ್ಲಿ ಟೀಚರ್. ಮೂವತ್ನಾಲ್ಕಕ್ಕೇ ಸ್ತನ ಕ್ಯಾನ್ಸರ್ ಬಂದು, ಆಪರೇಷನ್ ಆಗಿ, ಈಗ ಚೇತರಿಸಿಕೊಳ್ಳುತ್ತಿದ್ದಾಳೆ. ಇದು ಹುಟ್ಟಿನಿಂದಲೇ ಬಂದ ಜೀನಿನ ದೋಷ, ಮನೆತನದ ಹೆಂಗಸರ ಪಟ್ಟಿ ತನ್ನಿ ಎಂದರು ಡಾಕ್ಟರಮ್ಮ. ರಶ್ಮಿಯ ತಾಯಿ ಜಯಮ್ಮ ತನ್ನ ತವರಿನ ಮೂರು ತಲೆಮಾರನ್ನು ಜಾಲಾಡಿದಳು. ಎದೆಯ ಕಾಯಿಲೆ ತಾಯಿಯ ಕಡೆಯಿಂದಲ್ಲದೆ ಇನ್ನೆಲ್ಲಿಂದ ಬಂದೀತು ಎಂಬುದು ಅವಳ ನಂಬಿಕೆ, ನಿಜ ಹೇಳಬೇಕೆಂದರೆ ನನ್ನದೂ. ಅಲ್ಲೇನೂ ಸಿಗದಾಗ ನನ್ನ ತಮ್ಮ, ನಮ್ಮ ಮನೆತನದ ಹೆಳವನಿಗೆ ಫೋನು ಮಾಡಿದ.

ಹೆಳವರೆಂದರೆ ಮನೆಮನೆಗೆ ಬಂದು ವಂಶದ ಹೆಸರುಗಳನ್ನು ಹೊಗಳಿ ಹೇಳಿ, ಕಾಳೋ ಬಟ್ಟೆಯೋ ಪಡೆದು ಹೋಗುವವರು. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು, ಈತ ಮೊಪೆಡ್ಡಿನಲ್ಲಿ ಬಂದ. ಪುಸ್ತಕ ಬಿಚ್ಚಿ, ಏಳು ತಲೆಮಾರನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದ. ಒಬ್ಬಳೂ ಹೆಣ್ಣಿಲ್ಲ!

“ನಮ್ಮತ್ತೆಯರು ಎಲ್ಲಿ?” ಎಂದೆ.

“ಎಣ್ಮಕ್ಳನ್ನ ಬರ್ಕಳಕಿಲ್ಲ ಕಣವ್ವ. ಕೊಟ್ಟ ಮನೆಗೆ ಸೇರ್ಕತಾರೆ.”

“ಆ ಮನೆ ಪುಸ್ತಕದಲ್ಲಿ ಇರ್ತಾರಾ?”

“ಅಲ್ಲೂ ಬರಿಯಾಕಿಲ್ಲ,” ಎಂದು ಆತ ನಕ್ಕ.

ಜಯಮ್ಮ ಬಿಡಲಿಲ್ಲ. “ಅಂಗಾರೆ ಈ ಗಂಡಸ್ರೆಲ್ಲ ಮರದಿಂದ ಉದುರುದ್ರಾ?”

ಮೈಸೂರಿನ ಕಾನ್ವೆಂಟಿನಲ್ಲಿ ಬಯಾಲಜಿ ಕಲಿಸಿದ ಸಿಸ್ಟರ್, ಗುಣಗಳು ತಂದೆಯಿಂದಲೂ ತಾಯಿಯಿಂದಲೂ ಸಮಪಾಲಾಗಿ ಬರುತ್ತವೆಂದು ಬಟಾಣಿ ಗಿಡದ ಚಿತ್ರ ಬರೆಸಿದ್ದರು. ಫುಲ್ ಮಾರ್ಕ್ಸ್ ತೆಗೆದಿದ್ದೆ. ಬಟಾಣಿಗೆ ಒಪ್ಪುವ ಮಾತು ನಮ್ಮ ಮನೆಗೂ ಒಪ್ಪುತ್ತದೆಂದು ಹೊಳೆಯಲು ಇಷ್ಟು ವರ್ಷ ಬೇಕಾಯಿತು, ನೋಡಿ. ಅಪ್ಪನ ಅಕ್ಕ ನಿಂಗಮ್ಮ, ನನ್ನ ದೊಡ್ಡತ್ತೆ, ಸಂತೆಬಾಚಹಳ್ಳಿಗೆ ಮದುವೆಯಾಗಿ ಹೋದವಳು. ನಲವತ್ತು ತುಂಬುವ ಮೊದಲೇ ಎದೆಯ ಗಂಟು ಒಡೆದು ತೀರಿಹೋದಳು. ನಾಗಮಂಗಲದ ಚಿಕ್ಕತ್ತೆ ಹೊಟ್ಟೆ ಉಬ್ಬಿ ಸತ್ತಳು. ಅದು ಅಂಡಾಶಯದ್ದಿರಬಹುದು ಎಂದರು ಡಾಕ್ಟರಮ್ಮ. ಜೀನು ನಮ್ಮಪ್ಪನಲ್ಲಿ, ನನ್ನ ತಮ್ಮನಲ್ಲಿ ಸದ್ದಿಲ್ಲದೆ ತಂಗಿದ್ದು, ರಶ್ಮಿಗೆ ದಾಟಿರಬೇಕು.

ನನ್ನ ಕುತೂಹಲ ಕೆರಳಿದ್ದು ಇಲ್ಲಿ. ಮದುವೆಯಾಗದ, ಹೆರದ ನನಗೇ ಈ ಕಾಯಿಲೆ ಬರುತ್ತದೆಂದು ಊರಿನ ಹೆಂಗಸರು ಕನಿಕರಪಡುತ್ತಿದ್ದರು. ದೊಡ್ಡತ್ತೆಯಾದರೋ ಎಳೆಯ ವಯಸ್ಸಿನಲ್ಲೇ ಹೆರಲು ಶುರುಮಾಡಿ ಆರು ಮಕ್ಕಳಿಗೆ ಹಾಲೂಡಿಸಿದವಳು. ಹೀಗೇಕೆ ಎಂದು ಡಾಕ್ಟರಮ್ಮನನ್ನು ಕೇಳಿದೆ. ಬೇಗ ಹೆರುವುದು, ಬಹುಕಾಲ ಹಾಲೂಡಿಸುವುದು ಸಾಮಾನ್ಯವಾಗಿ ಹೆಂಗಸರನ್ನು ತಕ್ಕಮಟ್ಟಿಗೆ ಕಾಯುತ್ತದಂತೆ. ಈ ಜೀನಿನ ದೋಷ ಇರುವವರಲ್ಲಿ ಮಾತ್ರ ವಿಷಯ ಅಷ್ಟು ನೇರವಿಲ್ಲವಂತೆ. ಅದರ ಒಂದು ಬಗೆಯಲ್ಲಿ ಹಾಲೂಡಿಸಿದರೆ ಕೊಂಚ ರಕ್ಷಣೆ ಉಂಟು, ಇನ್ನೊಂದು ಬಗೆಯಲ್ಲಿ ಖಚಿತವಿಲ್ಲ, ಹೆರಿಗೆಗಳ ವಿಚಾರದಲ್ಲಿ ವಿಜ್ಞಾನಿಗಳೇ ಇನ್ನೂ ಒಮ್ಮತಕ್ಕೆ ಬಂದಿಲ್ಲ. “ಕೊಂಚ ರಕ್ಷಣೆ ಅಂದರೆ ಬರೋದೇ ಇಲ್ಲ ಅಂತಲ್ಲ, ಮೇಡಂ,” ಎಂದರು. ತಾಯ್ತನವನ್ನು ತಾಯಿತದಂತೆ ಕಟ್ಟಿಕೊಂಡ ನಾವು ಎಷ್ಟು ಜನರನ್ನು ಸುಳ್ಳುಧೈರ್ಯದಲ್ಲಿ ಕೂರಿಸಿದೆವೋ!

ಹಾಗೆ ಕೂತಿದ್ದವಳು ಸೌಮ್ಯ, ದೊಡ್ಡತ್ತೆಯ ಮೊಮ್ಮಗಳು. ಅವಳ ತಂದೆ, ಅಂದರೆ ದೊಡ್ಡತ್ತೆಯ ಮಗ, ಈಗಿಲ್ಲ. ಎರಡನೆಯ ಬಾಣಂತನಕ್ಕೆ ಸಂತೆಬಾಚಹಳ್ಳಿಯ ತವರಿಗೆ ಬಂದಿದ್ದಳು. ಅವಳಿಗೆ ಹೇಳಲೇಬೇಕಿತ್ತು, ದೋಷವಿದ್ದರೆ ಈಗಲೇ ತಿಳಿದು, ಕಾಲಕಾಲಕ್ಕೆ ಪರೀಕ್ಷಿಸಿಕೊಂಡು ಅವಳು ಬದುಕಬಹುದು. ಹಾಳೆ ಸುರುಳಿ ಸುತ್ತಿ ಬಸ್ಸು ಹತ್ತಿದೆ.

ಅವಳ ತಾಯಿ ಮಂಗಳ ಕಾಫಿ ಕೊಟ್ಟು, ಮಾತು ಕೇಳಿ, ಸಿಡುಕಿದಳು. “ಬುಡಕ್ಕ, ಅಪಶಕುನ ಆಡ್ಬ್ಯಾಡ. ಮೊದ್ಲನೇದುಕ್ಕೆ ಎರಡು ವರ್ಸ ಆಲು ಕುಡ್ಸವ್ಳೆ. ಇವಳ್ಗೆ ಎಲ್ಲಿಂದ ಬಂದಾತು?”

“ನಿಮ್ಮತ್ತೆ ಆರು ಮಕ್ಕಳಿಗೆ ಕುಡಿಸಿದ್ದಳಲ್ಲ, ಮಂಗಳ.”

ಸೌಮ್ಯ ಮಗುವನ್ನು ಎದೆಯಿಂದ ಬಿಡಿಸಿ ಹೆಗಲಿಗೆ ಹಾಕಿಕೊಂಡು, ನನ್ನ ಸೊನ್ನೆಗಳನ್ನು ಬಹಳ ಹೊತ್ತು ನೋಡಿದಳು.

“ಇದ್ರಲ್ಲಿ ನೀವೆಲ್ಲಿ, ದೊಡ್ಡಮ್ಮ?”

ನನ್ನನ್ನು ನಾನೇ ಬರೆದುಕೊಂಡಿರಲಿಲ್ಲ. ಗಂಡನಿಲ್ಲ, ಮಕ್ಕಳಿಲ್ಲ, ನನ್ನಿಂದ ಯಾರಿಗೂ ಏನೂ ದಾಟುವುದಿಲ್ಲವೆಂದು ಕೈ ತಾನಾಗಿಯೇ ಬಿಟ್ಟಿತ್ತು. ಹೆಳವನನ್ನು ಅಷ್ಟು ಕೆಣಕಿದ್ದೆ.

“ನೀವು ಟೆಸ್ಟ್ ಮಾಡಿಸ್ಕಂಡ್ರಾ?”

“ಈ ವಯಸ್ಸಲ್ಲಿ ಏನಮ್ಮ…”

“ನಮ್ಮಜ್ಜಿ ತಮ್ಮನ ಮಗಳಲ್ವಾ ನೀವು? ನಿಮಗೆ ಬ್ಯಾಡ, ನನಗೆ ಮಾತ್ರ ಬೇಕಾ?”

ಮಂಗಳ ಸೆರಗಿನಿಂದ ಮೂಗೊರೆಸಿಕೊಂಡು, “ನೀನು ಮೊದ್ಲು ಚುಚ್ಚುಸ್ಕೊ, ಅಕ್ಕ. ಆಮೇಲೆ ಇವಳ್ನ ಕಳುಸ್ತೀನಿ,” ಎಂದಳು.

ಮಂಗಳವಾರ ಮೂವರೂ ಮೈಸೂರಿಗೆ ಹೋದೆವು, ಮಗುವೂ ಸೇರಿದರೆ ನಾಲ್ವರು. ಸೂಜಿ ಕಂಡರೆ ಮುಖ ತಿರುಗಿಸುವವಳು ನಾನು; ಅಂದು ಸೌಮ್ಯ ನನ್ನನ್ನೇ ನೋಡುತ್ತಿದ್ದಳಾದ್ದರಿಂದ ಕಣ್ಣು ಬಿಟ್ಟುಕೊಂಡೇ ತೋಳು ಚಾಚಿದೆ. ಸಿರಿಂಜು ತುಂಬುತ್ತ ಬಂತು. ನರ್ಸು ಹತ್ತಿ ಒತ್ತಿ, “ನೆಕ್ಸ್ಟ್ ಯಾರಮ್ಮ?” ಎನ್ನುವ ಮೊದಲೇ ಮಗು ನನ್ನ ಮಡಿಲಿಗೆ ಬಂದಿತ್ತು, ಸೌಮ್ಯ ತೋಳಿನ ಬಟ್ಟೆ ಮೇಲಕ್ಕೆ ಮಡಿಸುತ್ತಿದ್ದಳು.