ಮುನಿಶಾಮಣ್ಣ ಹೇಳಿದ್ದ ಮಾತು

ರತ್ನಕ್ಕ, ನಿಮ್ಮ ಯಜಮಾನರು ನನಗೆ ಹೇಳಿದ್ದರು. ಬೇಲಿ ಮುರಿದಿದೆ, ಹಸುವನ್ನು ಕಟ್ಟಿಹಾಕು ಎಂದು – ಹೇಳಿದ್ದರು. ಎಲ್ಲರ ಎದುರು ನಾನು ಇಲ್ಲವೆಂದೆ. ಅದು ಸುಳ್ಳು.

ಆ ಬೆಳಿಗ್ಗೆ ನೀವು ತವರಿಗೆ ಹೋಗಿದ್ದಿರಿ. ನಿಮ್ಮ ಹೊಲಕ್ಕೆ ಬಂದ ಬೋರ್‌ವೆಲ್ ಲಾರಿ ತಿರುಗುವಾಗ ಬೇಲಿಯ ಕಲ್ಲುಕಂಬ ಮುರಿದು ತಂತಿ ನೆಲಕ್ಕೆ ಬಿದ್ದಿತ್ತು. ಮುನಿಶಾಮಣ್ಣ ನಮ್ಮ ಹುಳುಮನೆಯ ಬಾಗಿಲಿಗೇ ಬಂದು, "ಬೇಲಿ ಬಿದ್ದೋಗೈತೆ ಕಣಮ್ಮ. ಬೇರೆ ಕಂಬ ತರೋಗಂಟ ಹಸು ಬಿಡಬೇಡ, ಆಕಡೆ ರೈಲು ದಾರಿ" ಎಂದರು. ಹೂಂ ಅಂದೆ. ರೇಷ್ಮೆ ಹುಳು ಹಣ್ಣಾಗಿದ್ದವು, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಅವಸರ – ಮಧ್ಯಾಹ್ನದ ಹೊತ್ತಿಗೆ ಅವರ ಮಾತು ಮರೆತೇಹೋಯಿತು. ಎಂದಿನಂತೆ ಹಸುವನ್ನು ನಿಮ್ಮ ಬೇಲಿಯ ಪಕ್ಕದ ನಮ್ಮ ಬೀಳಿನಲ್ಲಿ ಮೇಯಲು ಬಿಟ್ಟೆ.

ತೊಂಡೇಬಾವಿ ಕಡೆಯಿಂದ ಬಂದ ರೈಲು... ತುಂಬು ಗಬ್ಬದ ಹಸು. ಹೆಚ್ಚು ಹೇಳಲಾರೆ.

ನಮ್ಮವರು ಹುಚ್ಚು ಹಿಡಿದವರಂತೆ ಕೂಗಾಡಿದರು. ಸಂಜೆ ಡೈರಿ ಜಗುಲಿಯಲ್ಲಿ ಹಿರಿಯರು ಸೇರಿದರು. ಬೇಲಿ ನಿಮ್ಮದು, ಪರಿಹಾರ ಕೊಡಲೇಬೇಕೆಂದು ನಮ್ಮವರ ಹಟ. ಮುನಿಶಾಮಣ್ಣ ನನ್ನ ಕಡೆ ತಿರುಗಿ, "ಬೆಳಗ್ಗೆನೇ ಹೇಳಿದ್ನಲ್ಲಮ್ಮ" ಎಂದರು. ಎಲ್ಲರ ಕಣ್ಣೂ ನನ್ನ ಮೇಲೆ – ನಮ್ಮವರದ್ದೂ.

"ನನಗೇನೂ ಹೇಳಲಿಲ್ಲ."

ಬಾಯಿಂದ ಬಂದೇಬಿಟ್ಟಿತು. ಅವರು ವಾದ ಮಾಡಲಿಲ್ಲ. ಮರುದಿನ ನೀವು ಸಾಕಿದ ಕಡಸನ್ನು ತಂದು ನಮ್ಮ ಕೊಟ್ಟಿಗೆಯಲ್ಲಿ ಕಟ್ಟಿ ಹೋದರು. "ಒಂದ್ ಮಾತು ಹೇಳಕ್ಕಾಗಲಿಲ್ವಾ ನಿಮಗೆ?" ಎಂದು ನೀವು ಅವರನ್ನು ಬೈದದ್ದು ಗೋಡೆಯಾಚೆಯಿಂದ ಕೇಳಿಸಿತು. ಆಗಲಾದರೂ...

ಕಡಸನ್ನು ವಾಪಸು ಕೊಡಬಹುದಿತ್ತು. ಆದರೆ ನಾನು ಕಿತ್ತುಕೊಂಡದ್ದು ಬೇರೆ. ಆಮೇಲೆ ಅವರಿಗೆ ತಮ್ಮ ಮೇಲೆಯೇ ನಂಬಿಕೆ ಹೋಯಿತು. ಮೋಟರು ನಿಲ್ಲಿಸಿದೆನೋ, ಬೀಗ ಹಾಕಿದೆನೋ ಎಂದು ಅರ್ಧ ದಾರಿಯಿಂದ ತಿರುಗಿ ಬರುತ್ತಿದ್ದರು. ಮರೆಗುಳಿ ಎಂದು ಊರು ನಕ್ಕಿತು, ನೀವೂ ನಕ್ಕಿರಿ. ಒಮ್ಮೆ ಹಿಪ್ಪುನೇರಳೆ ತೋಟದ ಬದುವಿನಲ್ಲಿ ನಾನೊಬ್ಬಳೇ ಸಿಕ್ಕಾಗ ಕೇಳಿದರು: "ಕೋಪ ಇಲ್ಲ ಕಣಮ್ಮ. ಅವತ್ತು ನಾನು ಹೇಳಿದ್ನಾ, ಇಲ್ವಾ? ನೀನು ಹೇಳಿದ್ರೆ ನಂಬ್ತೀನಿ."

ಅಲ್ಲಿ ನಮ್ಮವರಿರಲಿಲ್ಲ ಅಕ್ಕ, ಹೆದರುವಂಥದ್ದು ಏನೂ... ಆದರೂ "ಇಲ್ಲಣ್ಣ" ಎಂದೆ. ತಲೆಯಾಡಿಸಿ ಹೊರಟುಹೋದರು.

ಅವರು ಹಾಸಿಗೆ ಹಿಡಿದಾಗ ಹೇಳಿಬಿಡಬೇಕೆಂದು ನಿಮ್ಮ ಮನೆಗೆ ಬಂದೆ. ತುಂಬಾ ಜನ ಇದ್ದರು. ಹಣ್ಣು ಕೊಟ್ಟು ಹಿಂತಿರುಗಿದೆ. ಅವರು ಹೋದ ಮೇಲೆ ನಮ್ಮವರಿಗೆ ಹೇಳಿದೆ. "ಸತ್ತೋರ ವಿಷಯ ಈಗ್ಯಾಕೆ, ಸುಮ್ನಿರು" ಎಂದರು. ಸುಮ್ಮನಿದ್ದು ನೋಡಿದೆ – ಆಗಲಿಲ್ಲ.

ಕೂತ್ಕೋ ಅನ್ನಬೇಡಿ ರತ್ನಕ್ಕ, ಕೂರಲು ಬಂದವಳಲ್ಲ. ಊರ ಮುಂದೆ ಹೇಳು ಅಂದರೆ ನಾಳೆಯೇ ಹೇಳುತ್ತೇನೆ. ಆದರೆ ಬಾಯಿಬಿಟ್ಟು ಕೇಳಿದವರು ಅವರು. ಅವರಿಗೆ ಉತ್ತರ ಕೊಡುವುದು ಇನ್ನು ನನ್ನಿಂದಾಗದು.