ರೆಕ್ಕೆ ಬಂದ ಎಮ್ಮೆ

ಮನೆಯಲ್ಲಿ ಡಿವಿಡಿ ಪ್ಲೇಯರ್ ಇಲ್ಲದಿದ್ದರೂ ಸಿನಿಮಾದ ಡಿಸ್ಕ್ ತರಿಸಿಕೊಳ್ಳುವವರು ಶಿವಮೊಗ್ಗದಲ್ಲಿ ಎಷ್ಟು ಜನರಿದ್ದಾರೋ ಗೊತ್ತಿಲ್ಲ. ನಾನಂತೂ ಒಬ್ಬಳಿದ್ದೇನೆ. ಕಳೆದ ವಾರ ಕೊರಿಯರಿನವನು ಕೊಟ್ಟುಹೋದ ಡಬ್ಬಿಯ ಪ್ಲಾಸ್ಟಿಕ್ ಬಿಚ್ಚಿದ್ದೇ ತಡ, ಶಾಯಿ, ಅಂಟು, ದಪ್ಪ ಕಾಗದ ಎಲ್ಲ ಕೂಡಿದ ಹೊಸ ಅಚ್ಚಿನ ವಾಸನೆ ಗಮ್ಮೆಂದಿತು. ನಾನು ಸೀದಾ ಭದ್ರಾವತಿಯ ಕಾಗದನಗರದಲ್ಲಿ, ಏಳನೇ ಕ್ಲಾಸಿನಲ್ಲಿ ಹೋಗಿ ನಿಂತೆ.

ಅದು ಒಂದು ಕಾರ್ಡಿನಾಟವನ್ನೇ ಕಥೆಯಾಗಿಸಿದ ಜಪಾನಿ ಕಾರ್ಟೂನ್ ಸಿನಿಮಾ. ಆಗ ಬಂದಿದ್ದನ್ನೇ ಈಗ ತೊಳೆದು ಬೆಳಗಿ ಮತ್ತೆ ಡಿಸ್ಕ್ ಮಾಡಿ ಬಿಟ್ಟಿದ್ದಾರೆ. ಒಳಗೆ ಆಗ ಇದ್ದಂತೆಯೇ ಒಂದು ಕಾರ್ಡು: ಚಿನ್ನದಂಚು, ನಡುವೆ ರೆಕ್ಕೆ ಬಿಚ್ಚಿದ ಡ್ರ್ಯಾಗನ್. ನಾನು ಎರಡು ಡಬ್ಬಿ ತರಿಸಿದ್ದೆ. ಎರಡೇಕೆ ಎಂದು ನನ್ನ ಗಂಡನೂ ಕೇಳಿದ. ನಿಮಗಾದರೆ ಹೇಳುತ್ತೇನೆ, ಸ್ವಲ್ಪ ತಾಳಿ.

ಆ ಕಾರ್ಡುಗಳ ಅಗ್ಗದ ನಕಲುಗಳು ಅಂಗಡಿಯಲ್ಲಿ ಸಿಗುತ್ತಿದ್ದವು. ಆದರೆ ಕಾಗದದ ಕಾರ್ಖಾನೆಯ ಮಕ್ಕಳು ಕಾಗದ ಕೊಂಡು ಆಡುವುದುಂಟೆ? ಅಪ್ಪಂದಿರು ತರುತ್ತಿದ್ದ ದಪ್ಪ ಹಾಳೆಯ ಅಂಚಿನ ತುಂಡುಗಳನ್ನು ಅಳತೆಗೆ ಕತ್ತರಿಸಿ, ಸ್ಕೆಚ್ ಪೆನ್ನಿನಲ್ಲಿ ರಾಕ್ಷಸರನ್ನು ಬರೆದು ನಾವೇ ಆಟ ಕಟ್ಟಿಕೊಂಡಿದ್ದೆವು. ಅಸಲಿ ಕಾರ್ಡನ್ನು ಕಣ್ಣಲ್ಲಿ ಕಂಡವರು ನಮ್ಮ ಕ್ವಾರ್ಟರ್ಸ್ ಸಾಲಿನಲ್ಲಿ ಯಾರೂ ಇರಲಿಲ್ಲ.

ಇಲ್ಲಿ ಅಪ್ಪನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಮರದ ಹಲಗೆಗಿರುವಂತೆ ಕಾಗದಕ್ಕೂ ನಾರಿನ ದಿಕ್ಕು ಇರುತ್ತದಂತೆ. ನಾರಿನ ಜೊತೆಗೆ ಹರಿದರೆ ನೆಟ್ಟಗೆ ಬರುತ್ತದೆ, ಅಡ್ಡ ಹರಿದರೆ ಅಂಕುಡೊಂಕು. ಹಾಳೆಯ ಮೂಲೆ ಹರಿದು ಅದನ್ನು ನೋಡುವುದೇ ಕಾರ್ಖಾನೆಯಲ್ಲಿ ಅವರ ಕೆಲಸ. ಮನೆಗೆ ಬಂದರೂ ಆ ಕೈ ಸುಮ್ಮನಿರುತ್ತಿರಲಿಲ್ಲ. ಮದುವೆ ಕಾಗದ ಬಂದರೆ ಅರಿಶಿನ ಹಚ್ಚಿದ ಮೂಲೆಯನ್ನೇ ಚರ್ರನೆ ಹರಿದು, "ಪಾಪ, ಹುಡುಗಿ ಕಡೆಯೋರು ಪೇಪರಲ್ಲಿ ಮೋಸ ಹೋಗಿದಾರೆ" ಎನ್ನುತ್ತಿದ್ದರು. "ಶುಭಕಾರ್ಯದ ಕಾಗದ ಕಣ್ರೀ! ಮದುವೆ ಯಾವತ್ತು ಅಂತಾದ್ರೂ ಓದಿ" ಎಂದು ಅಮ್ಮ ತಲೆ ಚಚ್ಚಿಕೊಳ್ಳುತ್ತಿದ್ದಳು. ನನ್ನ ಅಂಕಪಟ್ಟಿಗೂ ಒಂದು ಮೂಲೆ ಇರಲಿಲ್ಲ. ಟೀಚರ್ ಕೇಳಿದಾಗ ಇಲಿ ಕಡಿಯಿತು ಎಂದಿದ್ದೆ. ಅಪ್ಪನನ್ನು ಇಲಿ ಮಾಡಿದ್ದಕ್ಕೆ ಈಗಲೂ ಸ್ವಲ್ಪ ನಾಚಿಕೆಯಿದೆ.

ನಮ್ಮ ಸಾಲಿನ ಕೊನೆಯ ಕ್ವಾರ್ಟರ್ಸಿನಲ್ಲಿ ಸೆಲ್ವಿ ಅಕ್ಕ ಇದ್ದರು. ಮುಂದಿನ ಕೋಣೆಯಲ್ಲೇ ಡಿಸ್ಕುಗಳನ್ನು ಜೋಡಿಸಿಟ್ಟು ಬಾಡಿಗೆಗೆ ಕೊಡುತ್ತಿದ್ದರು. ಸಿಂಗಾಪುರದಲ್ಲಿದ್ದ ಅವರ ಅಣ್ಣ, ಆಗತಾನೇ ಅಲ್ಲಿ ಬಿಡುಗಡೆಯಾಗಿದ್ದ ಈ ಸಿನಿಮಾದ ಡಿವಿಡಿ ಕಳಿಸಿದರು. ಭಾನುವಾರ ಬೆಳಿಗ್ಗೆ ನಾವು ಹನ್ನೆರಡು ಮಕ್ಕಳು ಚಾಪೆಯ ಮೇಲೆ ಕೂತೆವು. ಮಾತೆಲ್ಲ ಇಂಗ್ಲಿಷು. ನಮಗೆ ಅರ್ಧ ತಿಳಿಯಿತು, ಉಳಿದರ್ಧವನ್ನು ಸೆಲ್ವಿ ಅಕ್ಕ ತಮಗೆ ತೋಚಿದಂತೆ ತಿಳಿಸಿದರು. "ಎಣ್ಣೆ ಹಾಕ್ಕೊಂಡು ಬಾಚ್ಕೊಂಡವ್ನೆ ನೋಡು ಕಣ್ಣಾ, ಅವ್ನೇ ಕೆಟ್ಟೋನು." ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಸಿನಿಮಾ ಮುಗಿಯಿತು, ಹನ್ನೆರಡು ಜೊತೆ ಕಣ್ಣು ಡಬ್ಬಿಯೊಳಗಿನ ಕಾರ್ಡಿನ ಮೇಲೆ ನೆಟ್ಟವು. ಸೆಲ್ವಿ ಅಕ್ಕ ತೀರ್ಪು ಕೊಟ್ಟರು: "ಆಟ ಆಡಿ. ಗೆದ್ದೋರ್ಗೆ ಕಾರ್ಡು. ಅತ್ರೆ ಯಾರ್ಗೂ ಇಲ್ಲ."

ನಾನು ಗೆದ್ದೆ. ಹೇಗೆ ಎಂದು ವಿವರಿಸಲು ಹೊರಟರೆ ಜಂಬ ಕೊಚ್ಚಿದಂತಾಗುತ್ತದೆ, ಅಷ್ಟು ಹೇಳಿಕೊಳ್ಳುವಂಥದ್ದೂ ಏನಿಲ್ಲ. ಕಾರ್ಡನ್ನು ನೋಟ್‌ಬುಕ್ಕಿನ ನಡುವೆ ಇಟ್ಟುಕೊಂಡು, ಎದುರಿಗೆ ಬಂದ ದನಕ್ಕೂ ದಾರಿ ಬಿಡದೆ ಮನೆಗೆ ಬಂದೆ. ಅಪ್ಪ ಜಗುಲಿಯಲ್ಲಿ ಕಾಫಿ ಕುಡಿಯುತ್ತಿದ್ದರು.

"ಏನೇ ಮಾರಾಯ್ತಿ ಅದು? ಕೊಡು ನೋಡೋಣ."

ಕೊಟ್ಟೆ. ಬುದ್ಧಿ ಎಲ್ಲಿಟ್ಟಿದ್ದೆನೋ! ಅಪ್ಪ ಹೆಬ್ಬೆರಳಿನಲ್ಲಿ ಕಾರ್ಡನ್ನು ಸವರಿದರು. "ಅಬ್ಬಾ, ಎಂಥಾ ಫಿನಿಶ್!" ಎಂದರು. ಸ್ವಲ್ಪ ಬಗ್ಗಿಸಿದರು. ನನಗೆ ಆಗ ಹೊಳೆಯಿತು. ಬಾಯಿಂದ "ಅಪ್ಪಾ" ಹೊರಡುವಷ್ಟರಲ್ಲಿ ಚರ್ರ್ ಎಂದಿತು.

"ನೋಡು, ನಾರು ಅಡ್ಡ ಹಾಕಿದಾರೆ. ಮಳೆಗಾಲದಲ್ಲಿ ಬಾಗತ್ತೆ ಇದು" ಎಂದು ನಗುತ್ತಾ ತಲೆಯೆತ್ತಿದವರು ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಡ್ರ್ಯಾಗನ್ನಿನ ಒಂದು ರೆಕ್ಕೆ ಅವರ ಬೆರಳ ಸಂದಿಯಲ್ಲಿತ್ತು.

ಅತ್ತು ಕರೆದೆ, ಅನ್ನ ಬಿಟ್ಟೆ, ಮತ್ತೆ ಹಸಿವಾಗಿ ತಿಂದೆ. ಆದರೆ ಅಪ್ಪನ ಜೊತೆ ಮಾತು ಮಾತ್ರ ಬಿಟ್ಟವಳು ಬಿಟ್ಟೇಬಿಟ್ಟೆ. ಅವರು ಪಕ್ಕದಲ್ಲೇ ಊಟಕ್ಕೆ ಕೂತಿದ್ದರೂ, "ಅಮ್ಮಾ, ಸಾರು ಬೇಕಾ ಅಂತ ಅವರನ್ನ ಕೇಳು" ಎನ್ನುತ್ತಿದ್ದೆ. ಆ ದಿನಗಳಲ್ಲಿ ಅಪ್ಪ ಪೇಪರಿನವನು ಎಸೆದ ಪತ್ರಿಕೆಯನ್ನೂ ಮುಟ್ಟಲಿಲ್ಲ. ಅವರಿಗೂ ಸಂಕಟವಾಗಿತ್ತು ಎಂದು ಈಗ ತಿಳಿಯುತ್ತದೆ. ಆಗ ತಿಳಿದಿದ್ದರೆ ಇನ್ನೂ ನಾಲ್ಕು ದಿನ ಎಳೆಯುತ್ತಿದ್ದೆನೋ ಏನೋ.

ಒಂದು ಸಂಜೆ ಅವರು ನನ್ನ ಮುಂದೆ ಒಂದು ಕಾರ್ಡು ಇಟ್ಟರು. ಮೂರು ಪದರ ಅಂಟಿಸಿ, ಒತ್ತಿ, ಮೂಲೆಗಳನ್ನು ದುಂಡಗೆ ಮಾಡಿದ್ದು. "ನಾರು ಉದ್ದಕ್ಕಿದೆ. ಬಾಗಲ್ಲ" ಎಂದರು. ಚಿತ್ರವನ್ನೂ ಅವರೇ ಬರೆದಿದ್ದರು. ನಾಲ್ಕು ಕಾಲು, ಹಿಂದಕ್ಕೆ ಬಾಗಿದ ಕೊಂಬು, ಮೆಲುಕು ಹಾಕುವಂಥ ಮುಖ, ಬೆನ್ನ ಮೇಲೆ ಎರಡು ರೆಕ್ಕೆ.

"ಎಮ್ಮೆ" ಎಂದೆ. ಅಷ್ಟು ದಿನಗಳ ನಂತರದ ಮೊದಲ ಮಾತು.

"ಡ್ರ್ಯಾಗನ್ನು" ಎಂದರು ಅಪ್ಪ ನೊಂದುಕೊಂಡು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಕಾರ್ಖಾನೆಯ ಸದ್ದು ನಿಂತು ಎಷ್ಟೋ ವರ್ಷಗಳಾದವು. ಅಪ್ಪ ಅಮ್ಮ ಈಗ ಶಿವಮೊಗ್ಗದಲ್ಲಿ ನಮ್ಮ ಜೊತೆಗೇ ಇದ್ದಾರೆ. ಅಪ್ಪ ಆರೋಗ್ಯವಾಗಿದ್ದಾರೆ, ಸೊಸೈಟಿಗೆ ಹೋಗಿಬರುತ್ತಾರೆ, ನನ್ನ ಅಡುಗೆಯಲ್ಲಿ ತಪ್ಪು ಹುಡುಕುತ್ತಾರೆ. ಆದರೆ ಮದುವೆ ಕಾಗದ ಬಂದರೆ ತಾರೀಖು ಓದಿ ಟೇಬಲ್ಲಿನ ಮೇಲಿಡುತ್ತಾರೆ. ಆ ಕಾರ್ಡು ಹರಿದ ದಿನದಿಂದ ಮೂಲೆ ಹರಿಯುವುದಿಲ್ಲ. "ಅಂತೂ ಸುಧಾರಿಸಿದ್ರು" ಎಂದು ಅಮ್ಮನಿಗೆ ಸಮಾಧಾನ. ನಾನು ಮಾತ್ರ ಆ ನಾಲ್ಕೂ ಮೂಲೆಗಳನ್ನು ಮುಟ್ಟಿ ನೋಡುತ್ತೇನೆ. ಒಂದು ಸಲವಾದರೂ ಆ ಕೈ ಮತ್ತೆ ಆ ಕೆಲಸ ಮಾಡುವುದನ್ನು ನೋಡಬೇಕಿತ್ತು.

ಪ್ಲೇಯರ್ ಇನ್ನೂ ಇರುವುದು ಭದ್ರಾವತಿಯಲ್ಲೇ ಉಳಿದ ಸೆಲ್ವಿ ಅಕ್ಕನ ಮನೆಯಲ್ಲಿ, ಕಸೂತಿ ಬಟ್ಟೆಯ ಕೆಳಗೆ. ಮೊನ್ನೆ ಭಾನುವಾರ ಅಪ್ಪನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಮಾಚೇನಹಳ್ಳಿ ದಾಟುವವರೆಗೂ "ನಿಧಾನ, ನಿಧಾನ" ಎನ್ನುತ್ತಲೇ ಇದ್ದರು. ಸೆಲ್ವಿ ಅಕ್ಕ ಸಿನಿಮಾ ಹಾಕಿ, ಎಣ್ಣೆ ತಲೆಯವನು ಬಂದೊಡನೆ "ಬಂದ ನೋಡು ಕೆಟ್ಟೋನು" ಎಂದರು. ನಾನು ಕಾರ್ಡು ತೆಗೆದು ಅಪ್ಪನತ್ತ ಚಾಚಿದೆ.

ಅವರು ಕೈಯನ್ನು ಹಿಂದಕ್ಕೆ ಎಳೆದುಕೊಂಡರು. "ಬೇಡಮ್ಮ. ನನ್ನ ಕೈ ನಂಬಬೇಡ."

ಇನ್ನೊಂದು ಡಬ್ಬಿಯ ಕಾರ್ಡನ್ನೂ ತೋರಿಸಿದೆ. "ಇದು ನನ್ನದು. ಅದು ನಿಮ್ಮದು. ಹರೀರಿ ಅಪ್ಪ."

ಅಪ್ಪ ನನ್ನನ್ನು ನೋಡಿದರು, ಕಾರ್ಡನ್ನು ನೋಡಿದರು. ಹೆಬ್ಬೆರಳು ತಾನಾಗಿ ಸವರತೊಡಗಿತು. ಬಗ್ಗಿಸಿದರು. ಚರ್ರ್! ಹರಿದ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದು, "ಥೂ, ಇಷ್ಟು ವರ್ಷ ಆದ್ರೂ ಕಲಿತಿಲ್ಲ ನೋಡು! ಈಗ್ಲೂ ಅಡ್ಡ ನಾರೇ ಹಾಕಿದಾರೆ" ಎಂದು ಬೈಯತೊಡಗಿದರು. ಬೈಗುಳ ಕೇಳಿ ನನಗೆ ಅಷ್ಟು ಖುಷಿಯಾದದ್ದು ಅದೇ ಮೊದಲು.

ಪರ್ಸಿನಿಂದ ಅವರೇ ಮಾಡಿದ್ದ ಹಳೆಯ ಕಾರ್ಡನ್ನೂ ತೆಗೆದೆ. ಅಪ್ಪ ಅದನ್ನು ಟೀಪಾಯಿಯ ಮೇಲಿಟ್ಟು, ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದರು. "ಒಂಚೂರೂ ಬಾಗಿಲ್ಲ" ಎಂದರು.

ಸೆಲ್ವಿ ಅಕ್ಕ ಕನ್ನಡಕ ಏರಿಸಿಕೊಂಡು ಇಣುಕಿದರು. "ಎಮ್ಮೆ ಚೆನ್ನಾಗಿದೆ ಸಾರ್."

"ಡ್ರ್ಯಾಗನ್ನು" ಎಂದೆ ನಾನು.