ರಾಜ್‌ಕೋಟ್‌ಗೆ ಹೋದ ಲೋಡು

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಪುತ್ತೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಬೆಳಗಿನ ಪಾಳಿಯಲ್ಲಿ ಕೂತರೆ ಅಡಿಕೆ ವ್ಯಾಪಾರಿಗಳ ಟ್ರಂಕ್ ಕಾಲ್‌ಗಳಿಗೇ ಹೊತ್ತು ಸಾಲುತ್ತಿರಲಿಲ್ಲ. ಹಿಂದೆಲ್ಲ ಗುಜರಾತಿನ ಧಾರಣೆ ಅಂಚೆಯಲ್ಲಿ ಬಂದು ಮುಟ್ಟುವಾಗ ಅಲ್ಲಿ ಧಾರಣೆಯೇ ಬದಲಾಗಿರುತ್ತಿತ್ತಂತೆ. ಈಗ ರಾಜ್‌ಕೋಟ್‌ನ ದಲ್ಲಾಳಿ ಬೆಳಿಗ್ಗೆ ಒಂದು ಮಾತು ಹೇಳಿದರೆ ಮಧ್ಯಾಹ್ನ ಬೆಟ್ಟಂಪಾಡಿಯ ಅಂಗಳಗಳಿಂದ ಗೋಣಿಗಳು ಎದ್ದು, ಸಂಜೆ ಲಾರಿ ಹೊರಟೇಬಿಡುತ್ತಿತ್ತು. ಅಡಿಕೆ ಮಂಡಿಯ ಧಣಿಗಳೊಬ್ಬರಿಗೆ ಇದರ ಬಗ್ಗೆ ಬಹಳ ಹೆಮ್ಮೆ. "ಇನ್ನು ಮಾಲು ಗೋದಾಮಿನಲ್ಲಿ ಮಲಗುದು ಅಂತ ಇಲ್ಲ ಮೇಡಂ, ನಿಮ್ಮ ತಂತಿಯ ಮೇಲೆಯೇ ಓಡುದು," ಎನ್ನುತ್ತಿದ್ದರು.

ಅವರ ಲಾರಿಯೊಂದು ಕೊಲ್ಲಾಪುರ ದಾಟಿದ ಮೇಲೆ ನಿಂತುಹೋಯಿತು. ಲಾರಿ ಕೆಟ್ಟಿರಲಿಲ್ಲ. ಹೊಳೆಯ ಬದಿಯ ಹೋಟೆಲಿನಲ್ಲಿ ಚಾ ಕುಡಿದ ಡ್ರೈವರು "ಮುಖ ತೊಳೆದು ಬರ್ತೇನೆ" ಎಂದು ಕ್ಲೀನರಿಗೆ ಹೇಳಿ ಇಳಿದು ಹೋದವನು ಮತ್ತೆ ಮೇಲೆ ಬರಲಿಲ್ಲ. ಅಲ್ಲಿಯ ಜನ ಹೊಳೆಯನ್ನೆಲ್ಲ ಹುಡುಕಿದರು. ಹೆಣವೂ ಸಿಗಲಿಲ್ಲ, ದಡದಲ್ಲಿ ಒಂದು ಚಪ್ಪಲಿಯೂ ಇರಲಿಲ್ಲ. ಧಣಿಗಳು ಬೇರೆ ಡ್ರೈವರನನ್ನು ಕಳಿಸಿದರು. ಕೆಲವು ದಿನಗಳ ನಂತರ ರಾಜ್‌ಕೋಟ್‌ನ ಕರೆಯನ್ನು ಅವರಿಗೆ ಜೋಡಿಸಿ, ಮಾತು ಸರಿ ಕೇಳಿಸುತ್ತದೆಯೇ ಎಂದು ನಾನು ಕಿವಿಗೊಟ್ಟೆ. "ಮಾಲು ಮುಟ್ಟಿತಾ? ಗೋಣಿ ಒಂದೂ ಒದ್ದೆಯಾಗಿಲ್ಲ ಅಲ್ವಾ?" ಎಂದು ಅವರು ಹರಕುಮುರುಕು ಹಿಂದಿಯಲ್ಲಿ ಕೇಳುತ್ತಿದ್ದರು. ಆ ಕಡೆಯವನು ನಕ್ಕ. ಧಣಿಗಳೂ ನಕ್ಕರು. ಅವರು ಕೆಟ್ಟವರೇನಲ್ಲ. ಹೊರಟದ್ದು ತಲುಪಿತ್ತು, ಅವರ ಮಟ್ಟಿಗೆ ಕೆಲಸ ಮುಗಿದಿತ್ತು.

ಆ ವಾರವೇ ಡ್ರೈವರನ ಹೆಂಡತಿ ಎಕ್ಸ್‌ಚೇಂಜಿಗೆ ಬಂದಳು. ತೆಳ್ಳಗಿನ ಹೆಂಗಸು, ತುಳು ಮನೆಮಾತು, ಕನ್ನಡವನ್ನು ಹುಷಾರಾಗಿ ಆಡುತ್ತಿದ್ದಳು. "ಅಕ್ಕ, ದೂರದ ಫೋನೆಲ್ಲ ಇಲ್ಲಿಂದಲೇ ಹೋಗುದಂತೆ. ಇವರ ವಿಷಯ ಒಮ್ಮೆ ಕೇಳ್ತೀರಾ?" ಎಂದಳು.

ನಮ್ಮ ಲೈನು ಮಂಗಳೂರು, ಹುಬ್ಬಳ್ಳಿಗಳ ಮೂಲಕ ಉತ್ತರಕ್ಕೆ ಹೋಗುತ್ತಿತ್ತು. ನಡುವಿನ ಆಪರೇಟರುಗಳ ಮುಖ ಕಂಡವಳಲ್ಲ ನಾನು, ಸ್ವರ ಮಾತ್ರ ಗೊತ್ತು. ಹುಬ್ಬಳ್ಳಿಯವಳಿಗೆ ಹೇಳಿದೆ, ಅವಳು ಕೊಲ್ಲಾಪುರದವರಿಗೆ ಹೇಳಿದಳು. ಎತ್ತರದ ಆಳು, ಎಡಹುಬ್ಬಿನ ಮೇಲೆ ಗಾಯದ ಗುರುತು ಉಂಟು ಎಂಬ ವಿವರ ಬಾಯಿಂದ ಬಾಯಿಗೆ ಹೋಯಿತು. ಹೆಂಡತಿ ದಿನಾ ಮಧ್ಯಾಹ್ನ ಬಂದು ಹೊರಗಿನ ಬೆಂಚಿನಲ್ಲಿ ಕೂರತೊಡಗಿದಳು.

ಒಂದು ಮಧ್ಯಾಹ್ನ ಬೋರ್ಡಿನಲ್ಲಿ ದೀಪ ಹತ್ತಿತು. ಎತ್ತಿದರೆ ಗಂಡಸಿನ ಸ್ವರ, ಮರಾಠಿ ಬೆರೆತ ಹಿಂದಿ. "ಪುತ್ತೂರಾ? ನೀವು ಹುಡುಕುವ ಮನುಷ್ಯ ಇಲ್ಲೇ ಇದ್ದಾನೆ, ನನ್ನೆದುರು ನಿಂತಿದ್ದಾನೆ. ಲೈನಿನಲ್ಲಿರಿ, ಕೊಡ್ತೇನೆ."

ಹೊರಗಿನವರನ್ನು ಒಳಗೆ ಬಿಡುವ ಹಾಗಿರಲಿಲ್ಲ. ಆದರೂ ಬೆಂಚಿನಲ್ಲಿದ್ದ ಅವಳನ್ನು ಕೂಗಿ ಕರೆದು, ಹೆಡ್‌ಸೆಟ್ಟನ್ನು ನಾನೇ ಅವಳ ತಲೆಗೆ ಹಾಕಿದೆ. "ನಾನು," ಎಂದಳು. ಮತ್ತೆ, "ನಾನು ಮಾರಾಯ್ರೆ, ಮಾತಾಡಿ." ಕಣ್ಣು ಮುಚ್ಚಿ ಕೇಳುತ್ತಲೇ ನಿಂತಳು. ನಾನು ತೆಗೆದು ಕಿವಿಗಿಟ್ಟುಕೊಂಡಾಗ ಕಟ್ಟಾದ ಲೈನಿನ ಮೊರೆತ ಮಾತ್ರ ಇತ್ತು.

"ಎಂತ ಹೇಳಿದರು?"

"ಮಾತಾಡಲಿಲ್ಲ ಅಕ್ಕ. ಉಸಿರು ಮಾತ್ರ. ಅವರದ್ದೇ. ಬೀಡಿ ಸೇದಿ ಸೇದಿ ಮೂಗು ಸ್ವಲ್ಪ ಕಟ್ಟಿದ ಹಾಗೆ."

ಕೂಡಲೇ ಹುಬ್ಬಳ್ಳಿಯವಳನ್ನು ಹಿಡಿದೆ. ಆ ಹೊತ್ತಿನಲ್ಲಿ ಪುತ್ತೂರಿಗೆ ತಾನು ಯಾವ ಕರೆಯನ್ನೂ ಕೊಟ್ಟಿಲ್ಲ ಎಂದಳು. ಕೊಲ್ಲಾಪುರದವರೂ ಹಾಗೇ ಹೇಳಿದರು. ಆ ಗಂಡಸಿನ ಸ್ವರ ಯಾರದ್ದೆಂದು ಯಾರಿಗೂ ಗೊತ್ತಾಗಲಿಲ್ಲ. ನಾನು ಕೇಳಿದ್ದು ಸುಳ್ಳಲ್ಲ. ಡ್ರೈವರನ ಹೆಂಡತಿಯ ತಮ್ಮ ಕಡಬದಿಂದ ಬಂದು, ಧಣಿಗಳು ಕೊಟ್ಟ ಆಳಿನೊಂದಿಗೆ ಕೊಲ್ಲಾಪುರಕ್ಕೆ ಹೋದ. ಆಸ್ಪತ್ರೆ, ಠಾಣೆ, ಲಾರಿ ನಿಲ್ಲುವ ಜಾಗಗಳನ್ನೆಲ್ಲ ಸುತ್ತಿ ಬರಿಗೈಯಲ್ಲಿ ಬಂದ. ಮಳೆಗಾಲ ಹಿಡಿದ ಮೇಲೆ ಅವಳು ತಮ್ಮನ ಮನೆಗೆ ಹೋದಳು. ನನಗೆ ಮಾತ್ರ ಬಹಳ ಕಾಲ, ಎರಡು ಕರೆಗಳ ನಡುವಿನ ಮೌನದಲ್ಲಿ ಯಾರೋ ಮೂಗು ಕಟ್ಟಿ ಉಸಿರಾಡಿದಂತೆ ಆಗುತ್ತಿತ್ತು. ಹೆಡ್‌ಸೆಟ್ಟನ್ನು ಪಕ್ಕದ ಆಪರೇಟರಿಗೆ ಕೊಟ್ಟು ಕೇಳಿಸುತ್ತಿದ್ದೆ. "ಎಂತದೂ ಇಲ್ಲ ಮಾರಾಯ್ತಿ," ಎನ್ನುತ್ತಿದ್ದಳು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಸುಬ್ರಹ್ಮಣ್ಯಕ್ಕೆ ಹೊರಟಿದ್ದ ನನಗೆ, ಕಡಬದಲ್ಲಿ ಬಸ್ಸು ನಿಂತಾಗ, ಆ ಡ್ರೈವರನ ಹೆಂಡತಿ ಕಂಡಳು. ಕೂದಲು ನರೆತಿತ್ತು. ಹಣೆಯಲ್ಲಿ ಕುಂಕುಮ, ಕೊರಳಲ್ಲಿ ಕರಿಮಣಿ ಹಾಗೆಯೇ ಇದ್ದವು. ರಬ್ಬರು ಹಾಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದಳಂತೆ. ನಾನು ಇಳಿದು ಮಾತಾಡಿಸಿದೆ.

"ಈಗಲೂ ಅಲ್ಲೇ ಕೂರುದಾ ಅಕ್ಕ?"

"ಇಲ್ಲ, ಈಗ ಬೇರೆ ವಿಭಾಗ. ಆ ಬೋರ್ಡು ತೆಗೆದರು. ನಂಬರು ತಿರುಗಿಸಿದರೆ ನೇರ ರಾಜ್‌ಕೋಟೇ ಸಿಗ್ತದೆ."

"ನಡುವಲ್ಲಿ ಯಾರೂ ಇಲ್ವಾ?"

"ಯಾರೂ ಬೇಡ ಈಗ."

"ಹಾಗಾದ್ರೆ ಇವರು ಫೋನು ಮಾಡಿದ್ರೆ ಯಾರ ಹತ್ರ ಕೇಳುದು? ಇವರಿಗೆ ನಂಬರು ಗೊತ್ತಿಲ್ಲ ಅಲ್ಲ."

ಅಷ್ಟರಲ್ಲಿ ಅವಳ ಊರಿನ ಜೀಪು ಬಂತು. ಒಳಗೆಲ್ಲ ರಬ್ಬರು ಶೀಟಿನ ಕಟ್ಟುಗಳು, ಅವುಗಳ ಮೇಲೆ ಜನ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಿಂದಿನ ಮೆಟ್ಟಿಲ ಮೇಲೆ ನಿಂತು ಸರಳು ಹಿಡಿದುಕೊಂಡಳು. "ಬರ್ತೇನೆ ಅಕ್ಕ," ಎಂದಳು. ಜೀಪು ಹೊರಟಿತು.